ಹೊಟ್ಟೆ ಚಿಕ್ಕದಾದ ಮೇಲಿನ ಸಂಸಾರ



ನಮ್ಮ ಕಡೆಯ ಮನೆಗಳಲ್ಲಿ ಊಟದ ಸರದಿ ಹೇಗೆಂದು ನಿಮಗೆ ಹೇಳಬೇಕಾಗಿಲ್ಲ. ಮೊದಲು ಮಕ್ಕಳು, ಆಮೇಲೆ ಗಂಡಸರು, ಅತ್ತೆ-ಮಾವ, ಬಂದ ನೆಂಟರು. ಎಲ್ಲರೂ ಕೈ ತೊಳೆದ ಮೇಲೆ ನಾವು. ಅಷ್ಟು ಹೊತ್ತಿಗೆ ಪಲ್ಯದ ಪಾತ್ರೆ ತಳ ಕಂಡಿರುತ್ತದೆ, ಅನ್ನ ಮಾತ್ರ ಮಿಕ್ಕಿರುತ್ತದೆ. ಮಗು ಅರ್ಧ ಬಿಟ್ಟ ರೊಟ್ಟಿ, ತಟ್ಟೆಯಲ್ಲಿ ಉಳಿದ ಉಪ್ಪಿಟ್ಟು, 'ಅನ್ನ ಚೆಲ್ಲಬಾರದು' ಅಂತ ಅದೂ ನಮ್ಮ ಹೊಟ್ಟೆಗೇ. ಹಸಿವು ಸತ್ತ ಹೊತ್ತಿನಲ್ಲಿ, ಪಾತ್ರೆ ತೊಳೆಯುವ ಆತುರದಲ್ಲಿ ಉಂಡು ಮುಗಿಸುವ ಊಟ ಅದು. ಹೀಗೆ ಉಂಡು ಉಂಡು ಮೈ ಬಂದರೆ, 'ಮನೇಲಿ ಕೂತು ತಿಂದು ಹೀಗಾಗಿದ್ದಾಳೆ' ಅನ್ನೋ ಮಾತು ಬೇರೆ!

ತೂಕ ಇಳಿಸುವ ಆಪರೇಷನ್ ಬಗ್ಗೆ ಕೇಳಲು ಬರುವ ಹೆಂಗಸರಿಗೆಲ್ಲ ನಾನು ಮೊದಲು ಹೇಳುವುದು ಈ ಊಟದ ಸರದಿಯ ವಿಷಯವನ್ನೇ. ಆಪರೇಷನ್ ನಿಮ್ಮ ಹೊಟ್ಟೆಯನ್ನು ಚಿಕ್ಕದು ಮಾಡುತ್ತದೆ. ನಿಮ್ಮ ಮನೆಯ ಊಟದ ಸರದಿಯನ್ನು ಬದಲಾಯಿಸುವುದಿಲ್ಲ. ಅದನ್ನು ನೀವೂ ನಿಮ್ಮ ಮನೆಯವರೂ ಕೂಡಿಯೇ ಬದಲಾಯಿಸಬೇಕು.

ನಾನು ಚನ್ನಗಿರಿಯವಳು. 2022ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನನಗೆ 'ಸ್ಲೀವ್' ಆಪರೇಷನ್ ಆಯಿತು. ಎತ್ತರ ಐದು ಅಡಿ ಒಂದು ಅಂಗುಲ, ತೂಕ 102 ಕೆ.ಜಿ., ಸಕ್ಕರೆ ಕಾಯಿಲೆಗೆ ದಿನಕ್ಕೆ ಮೂರು ಮಾತ್ರೆ. ಕೋಟೆಯ ಮೇಲಿನ ರಂಗನಾಥಸ್ವಾಮಿ ಗುಡಿಗೆ ಹತ್ತಲಾಗದೆ ಕೆಳಗಿನಿಂದಲೇ ಕೈಮುಗಿದು ಬರುತ್ತಿದ್ದೆ. ನಮ್ಮತ್ತೆಯವರಿಗಂತೂ ಈ ಆಪರೇಷನ್ ಸುತರಾಂ ಇಷ್ಟವಿರಲಿಲ್ಲ. "ದೇವರು ಕೊಟ್ಟ ಹೊಟ್ಟೆ ಕೊಯ್ಸಿಕೊಳ್ತೀಯೇನವ್ವಾ? ಎರಡು ಹೊತ್ತು ಊಟ ಬಿಟ್ಟರೆ ಸಾಲದೇ?" ಅಂದರು. ಎಷ್ಟೋ ಮಂದಿ ಹೀಗೇ ಕೇಳುತ್ತಾರೆ. ಬಾಯಿ ಕಟ್ಟಲಾರದವರು ಹಿಡಿಯುವ ಅಡ್ಡದಾರಿ ಇದು ಅಂತ ಅವರ ಎಣಿಕೆ.

ಅಡ್ಡದಾರಿಯಲ್ಲ ಸೋದರಿ. ಸ್ಲೀವ್ ಎಂದರೆ ಅಂಗಿಯ ತೋಳು. ಹೊಟ್ಟೆಯ ಚೀಲದಲ್ಲಿ ನಾಲ್ಕರಲ್ಲಿ ಮೂರು ಪಾಲು ತೆಗೆದು, ತೋಳಿನಂಥ ಒಂದು ಕೊಳವೆಯನ್ನಷ್ಟೇ ಉಳಿಸುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಬಹುಪಾಲು ತಯಾರಾಗುವುದು ಆ ತೆಗೆದ ಭಾಗದಲ್ಲೇ. ಆದ್ದರಿಂದ ಮೊದಲಿನ ತಿಂಗಳುಗಳಲ್ಲಿ ಹಸಿವೇ ಆಗುವುದಿಲ್ಲ. ಕೇಳಲು ಚೆನ್ನಾಗಿದೆ, ಅಲ್ಲವೇ? ಆದರೆ ಹಸಿವಿಲ್ಲದವಳು ಗಡಿಯಾರ ನೋಡಿಕೊಂಡು ಉಣ್ಣಬೇಕಾಗುತ್ತದೆ. ಕಷ್ಟ ಶುರುವಾಗುವುದು ಅಲ್ಲೇ.

ಮೊದಲ ಎರಡು ವಾರ ಬರೀ ನೀರಾದ ಆಹಾರ. ತಿಳಿಮಜ್ಜಿಗೆ, ಸೋಸಿದ ಬೇಳೆಕಟ್ಟು, ಎಳನೀರು, ಗುಟುಕು ಗುಟುಕಾಗಿ. ಆಮೇಲೆರಡು ವಾರ ನುಣ್ಣಗೆ ಅರೆದದ್ದು. ಮತ್ತೆ ಮೆತ್ತಗಿನದು. ಮಾಮೂಲಿ ಊಟಕ್ಕೆ ಬರುವಷ್ಟರಲ್ಲಿ ಎರಡು ತಿಂಗಳು. ಆಗಲೂ ಮಾಮೂಲಿ ಎಂದರೆ ಒಂದು ಚಿಕ್ಕ ಬಟ್ಟಲು, ಅಷ್ಟೇ. ಅದನ್ನೂ ಇಪ್ಪತ್ತು-ಮೂವತ್ತು ನಿಮಿಷ ಅಗಿದು ಉಣ್ಣಬೇಕು. ಊಟದ ನಡುವೆ ನೀರು ಕುಡಿಯುವಂತಿಲ್ಲ. ಊಟವಾಗಿ ಅರ್ಧ ಗಂಟೆ ಬಿಟ್ಟು ಕುಡಿಯಬೇಕು.

ಈಗ ನೀವೇ ಲೆಕ್ಕ ಹಾಕಿ. ದಿನಕ್ಕೆ 60 ಗ್ರಾಂ ಪ್ರೋಟೀನು ಬೇಕೆನ್ನುತ್ತಾರೆ ಡಾಕ್ಟರು. ಹೊಟ್ಟೆ ಹಿಡಿಯುವುದು ಒಂದು ಬಟ್ಟಲು. ಆ ಬಟ್ಟಲಿಗೆ ಅನ್ನ, ಮಂಡಕ್ಕಿ ತುಂಬಿದರೆ ಬೇಳೆಕಾಳಿಗೆ ಜಾಗ ಎಲ್ಲಿ? ಕೊನೆಯ ಪಂಕ್ತಿಗೆ ಉಳಿಯುವುದು ಅನ್ನವೇ ತಾನೇ? ಹೀಗಾದರೆ ತೂಕದ ಜೊತೆಗೆ ಮೈಯ ಮಾಂಸಖಂಡವೂ ಕರಗಿ, ಕೈಕಾಲಿನ ಶಕ್ತಿಯೇ ಉಡುಗಿಹೋಗುತ್ತದೆ.

ಆ ವರ್ಷದ ಅಕ್ಟೋಬರ್‌ನಲ್ಲಿ ನಮ್ಮಲ್ಲಿ ಅಡಿಕೆ ಸುಗ್ಗಿ. ಆಗ ಚನ್ನಗಿರಿ ಸೀಮೆಯ ಮನೆ ಹೇಗಿರುತ್ತದೆಂದು ನಮ್ಮೂರಿನವರಿಗೆ ಗೊತ್ತು. ಒಂದು ಕಡೆ ಅಡಿಕೆ ಸುಲಿಯುವವರು, ಇನ್ನೊಂದು ಕಡೆ ಬೇಯಿಸುವ ಹಂಡೆ, ಅಂಗಳದ ತುಂಬ ಒಣಹಾಕಿದ ಅಡಿಕೆ. ಬೆಳಗಿನಿಂದ ಚಹಾ, ತಿಂಡಿ, ಊಟ ಅಂತ ಒಲೆ ಆರುವುದೇ ಇಲ್ಲ. ಎಲ್ಲರಿಗೂ ಬಡಿಸಿ ಆಗುವಾಗ ಮೂರು ಗಂಟೆ ದಾಟಿತ್ತು. ಕಣ್ಣು ಕತ್ತಲೆ ಬಂದು ಒಲೆಯ ಪಕ್ಕದಲ್ಲೇ ಕುಸಿದೆ. ನಮ್ಮತ್ತೆಯವರೇ ಓಡಿ ಬಂದು ನೀರು ಚಿಮುಕಿಸಿ ಎಬ್ಬಿಸಿ ಕೂರಿಸಿದರು. ಅವರು ಬೈಯಲಿಲ್ಲ, 'ನಾ ಹೇಳಿರಲಿಲ್ಲವೇ' ಅನ್ನಲೂ ಇಲ್ಲ. ಮಾರನೇ ದಿನ ಹನ್ನೆರಡು ಗಂಟೆಗೆ ನನ್ನ ಕೈಯ ಸೌಟು ಇಸಿದುಕೊಂಡು, "ನೀ ಮೊದಲು ಕೂತು ಉಣ್ಣವ್ವಾ. ಅವರಿಗೆ ನಾ ಬಡಿಸ್ತೀನಿ. ನಿನ್ನ ಹೊಟ್ಟೆ ಈಗ ಕೂಸಿನ ಹೊಟ್ಟೆ. ಕೂಸಿಗೆ ಕಾಯಿಸ್ತಾರಾ?" ಅಂದರು.

ಎಪ್ಪತ್ತು ದಾಟಿದ ಆಕೆ ತಾವು ಒಂದು ದಿನವೂ ಗಂಡಸರಿಗಿಂತ ಮೊದಲು ಉಂಡವರಲ್ಲ. ಆವತ್ತು ನಾನು ಉಂಡ ತುತ್ತು ಗಂಟಲಲ್ಲಿ ಇಳಿಯಲು ಹೊತ್ತಾಯಿತು ನೋಡಿ. ಅಂದಿನಿಂದ ನಮ್ಮ ಮನೆಯಲ್ಲಿ ನಾನು ಮಕ್ಕಳ ಜೊತೆಗೇ ಕೂರುತ್ತೇನೆ. ನಮ್ಮ ಯಜಮಾನರು ತಟ್ಟೆ ತಾವೇ ಹಾಕಿಕೊಳ್ಳುವುದು ಕಲಿತರು. ಆಕಾಶವೇನೂ ಕಳಚಿ ಬೀಳಲಿಲ್ಲ.

ತಟ್ಟೆಯಲ್ಲಿ ಮೊದಲು ಕೈ ಹಾಕಬೇಕಾದ್ದು ಕಾಳು, ಮೊಸರು, ಪನೀರು, ತಿನ್ನುವವರಾದರೆ ಮೊಟ್ಟೆ ಅಥವಾ ಮೀನಿಗೆ. ಆಮೇಲೆ ಪಲ್ಯ. ಜಾಗ ಉಳಿದರೆ ನಿಂಬೆಗಾತ್ರದ ಮುದ್ದೆ ಅಥವಾ ಕಾಲು ರೊಟ್ಟಿ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 30 ಗ್ರಾಂ ಹೆಸರುಕಾಳಿನಲ್ಲಿ 7 ಗ್ರಾಂ, 30 ಗ್ರಾಂ ಒಣ ಸೋಯಾದಲ್ಲಿ 15 ಗ್ರಾಂ ಪ್ರೋಟೀನು ಇದೆ. ನಾನು ವಾರಕ್ಕೆ ಮೂರು ದಿನ ಮಾಡುವ ತಿಂಡಿಯೊಂದನ್ನು ಹೇಳುತ್ತೇನೆ, ಮನೆಮಂದಿಗೂ ಆಗುತ್ತದೆ.

ಒಂದು ಬಟ್ಟಲು ಹೆಸರುಕಾಳನ್ನು ರಾತ್ರಿ ನೆನೆಸಿಡಿ. ಬೆಳಿಗ್ಗೆ ಅರ್ಧ ಅಂಗುಲ ಶುಂಠಿ, ಒಂದು ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು ಸೇರಿಸಿ ನುಣ್ಣಗೆ ರುಬ್ಬಿ. ಕಾವಲಿಯ ಮೇಲೆ ಅಂಗೈ ಅಗಲದ ದೋಸೆ ಹುಯ್ದು, ಮೇಲೆ ಎರಡು ಚಮಚ ತುರಿದ ಪನೀರು, ಹೆಚ್ಚಿದ ಕೊತ್ತಂಬರಿ ಉದುರಿಸಿ, ಮುಚ್ಚಿ ಬೇಯಿಸಿ. ಎಣ್ಣೆ ಅರ್ಧ ಚಮಚ ಸಾಕು. ನನಗೆ ಎರಡು ಸಾಕಾಗುತ್ತದೆ. ದಾವಣಗೆರೆ ಬೆಣ್ಣೆ ದೋಸೆ ನೆನಪಾಗುವುದಿಲ್ಲವೇ ಅಂದರೆ, ಆಗುತ್ತದೆ! ಹೋದಾಗ ಯಜಮಾನರ ತಟ್ಟೆಯಿಂದ ಎರಡು ತುತ್ತು ಮುರಿದು ತಿನ್ನುತ್ತೇನೆ.

ಮದುವೆ, ಗೃಹಪ್ರವೇಶದ ಮನೆಗಳೇ ದೊಡ್ಡ ಪರೀಕ್ಷೆ. "ಇನ್ನೊಂದು ಹೋಳಿಗೆ ಹಾಕ್ಕೊಳ್ರೀ, ನಮ್ಮ ಮನೆ ಊಟ ಸೇರಲಿಲ್ಲವೇ?" ಅಂತ ಬಲವಂತ. ಬೈಪಾಸ್ ಆಪರೇಷನ್ ಆದವರಿಗಂತೂ ಸಿಹಿ ಹೆಚ್ಚಾದರೆ ಬೆವರು, ಎದೆಬಡಿತ, ಭೇದಿ ಶುರುವಾಗಬಹುದು. ಇಲ್ಲಿ ಮುಲಾಜು ಬೇಡ. ಬಡಿಸುವವರು ಬರುವ ಮೊದಲೇ ಮನೆಯೊಡತಿಯ ಹತ್ತಿರ ಹೋಗಿ, "ನನಗೆ ಆಪರೇಷನ್ ಆಗಿದೆ ಕಣ್ರೀ, ನಿಮ್ಮ ಹೋಳಿಗೆ ಎರಡನ್ನು ಮನೆಗೆ ಕಟ್ಟಿಕೊಡಿ, ಮಕ್ಕಳು ತಿಂತಾರೆ" ಅಂದುಬಿಡಿ. ಅವರಿಗೂ ಸಂತೋಷ, ನಿಮಗೂ ಸಲೀಸು.

ಒಪ್ಪತ್ತು ಮಾಡುವವರಿಗೊಂದು ಮಾತು. ದಿನಕ್ಕೊಂದೇ ಊಟವೆಂದರೆ ನಿಮ್ಮ ಪಾಲಿಗೆ ದಿನಕ್ಕೊಂದೇ ಬಟ್ಟಲು. ಅದರಿಂದ ದೇಹ ನಡೆಯದು. ಡಾಕ್ಟರನ್ನು ಕೇಳದೆ ಉಪವಾಸ ಹಿಡಿಯಬೇಡಿ. ದೀಪ ಹಚ್ಚಿ, ಪೂಜೆ ಮಾಡಿ, ಊಟವನ್ನೂ ಮಾಡಿ. ಶಿವನೇನೂ ಮುನಿಯಲಾರ.

ನಾಲ್ಕನೇ ತಿಂಗಳಿಗೆ ತಲೆಗೂದಲು ಹಿಡಿ ಹಿಡಿ ಉದುರಿತು. "ಏನವ್ವಾ ಕಾಯಿಲೆ?" ಅಂತ ಸಂತೆಯಲ್ಲಿ ಕೇಳುವವರೇ ಎಲ್ಲ. ಇದು ಬಹಳ ಮಂದಿಗೆ ಆಗುವಂಥದ್ದು. ಪ್ರೋಟೀನು, ಕಬ್ಬಿಣಾಂಶ ಸರಿಯಾಗಿ ಹೋಗುತ್ತಿದ್ದರೆ ತಿಂಗಳುಗಳಲ್ಲಿ ಮತ್ತೆ ಬರುತ್ತದೆ, ನನಗೂ ಬಂತು. ಆದರೆ ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ವಿಟಮಿನ್ನು ಬದುಕಿರುವವರೆಗೂ ತೆಗೆದುಕೊಳ್ಳಬೇಕು. ಸೊಪ್ಪು-ಕಾಳು ಮಾತ್ರ ಉಣ್ಣುವ ಮನೆಯವರು ಬಿ12 ಅನ್ನು ಮರೆಯಲೇಬಾರದು. ವರ್ಷಕ್ಕೊಮ್ಮೆಯಾದರೂ ರಕ್ತಪರೀಕ್ಷೆಗೆಂದು ದಾವಣಗೆರೆಗೋ ಶಿವಮೊಗ್ಗಕ್ಕೋ ಬಸ್ಸು ಹತ್ತಿ. ಮೊಣಕಾಲು ನೋವೆಂದು ಅಂಗಡಿಯಿಂದ ಮಾತ್ರೆ ತರಿಸಿ ನುಂಗಬೇಡಿ, ಹೊಟ್ಟೆಯಲ್ಲಿ ಹುಣ್ಣಾದೀತು. ವಾಂತಿ ನಿಲ್ಲದಿದ್ದರೆ ಒಂದು ದಿನವೂ ಕಾಯದೆ ಡಾಕ್ಟರ ಬಳಿ ಹೋಗಿ. ಮಗು ಬೇಕೆನ್ನುವ ಕಿರಿಯ ಸೋದರಿಯರು ಒಂದರಿಂದ ಒಂದೂವರೆ ವರ್ಷ ತಡೆಯಬೇಕು.

ಈಗ ಇಂಜೆಕ್ಷನ್ನಿನ ಮಾತೂ ಮನೆಮನೆಗೆ ಬಂದಿದೆ. 2025ರ ಮಾರ್ಚ್‌ನಲ್ಲಿ ಮೌಂಜಾರೋ, ಜೂನ್‌ನಲ್ಲಿ ವೆಗೋವಿ ನಮ್ಮ ದೇಶದ ಪೇಟೆಗೆ ಬಂದವು. ವಾರಕ್ಕೊಂದು ಚುಚ್ಚುಮದ್ದು, ಹಸಿವು ತಗ್ಗುತ್ತದೆ, ತೂಕ ಇಳಿಯುತ್ತದೆ. ವಾಕರಿಕೆ, ಮಲಬದ್ಧತೆ ಜೊತೆಗೆ ಬರಬಹುದು. ಆದರೆ ಬಿಟ್ಟ ಮೇಲೇನು? ವೆಗೋವಿಯಲ್ಲಿರುವ ಸೆಮಗ್ಲುಟೈಡ್ ಔಷಧಿಯನ್ನು ನಿಲ್ಲಿಸಿದವರಲ್ಲಿ, ಇಳಿದ ತೂಕದ ಮೂರರಲ್ಲಿ ಎರಡು ಪಾಲು ಒಂದೇ ವರ್ಷದಲ್ಲಿ ಮರಳಿ ಬಂತೆಂದು 2022ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಬಸುರಿಯರಿಗೆ ಇದು ಸಲ್ಲದು. ಹಿಂದೆ ಮೇದೋಜೀರಕ ಗ್ರಂಥಿಯ ಉರಿಯೂತ ಆದವರು ಡಾಕ್ಟರಿಗೆ ಮೊದಲೇ ಹೇಳಬೇಕು. ಪಕ್ಕದ ಮನೆಯವಳು ತಗೊಂಡಳೆಂದು ತರಿಸುವ ಮದ್ದಲ್ಲ ಇದು. ಚುಚ್ಚಿಕೊಂಡವರಿಗೂ ಮೇಲೆ ಹೇಳಿದ ಬಟ್ಟಲಿನ ಲೆಕ್ಕವೇ. ಹಸಿವಿಲ್ಲವೆಂದು ಊಟ ಬಿಟ್ಟರೆ ಕರಗುವುದು ಬರೀ ಕೊಬ್ಬಲ್ಲ.

ನನ್ನ ತೂಕ ಎರಡು ವರ್ಷಕ್ಕೆ 73 ಕೆ.ಜಿ.ಗೆ ಇಳಿಯಿತು, ಈಗ 76ರ ಆಸುಪಾಸು. ಎರಡನೇ ವರ್ಷದ ನಂತರ ಸ್ವಲ್ಪ ಏರುವುದು ಎಷ್ಟೋ ಜನರಲ್ಲಿ ಉಂಟು, ಹೆದರಬೇಕಾಗಿಲ್ಲ. ಸಿನಿಮಾ ನಟಿಯಂತೇನೂ ಆಗಲಿಲ್ಲ. ತೋಳಿನ ಚರ್ಮ ಜೋತಿದೆ, ಹಳೆಯ ರವಿಕೆಗಳನ್ನೆಲ್ಲ ಹಿಡಿಸಬೇಕಾಯಿತು. ಸಕ್ಕರೆ ಕಾಯಿಲೆಯ ಮಾತ್ರೆ ಮೂರರಿಂದ ಒಂದಕ್ಕೆ ಬಂದಿದೆ. ರಂಗನಾಥನ ಗುಡಿಯವರೆಗೆ ಹತ್ತುತ್ತೇನೆ, ನಡುವೆ ಎರಡು ಕಡೆ ಕೂತು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 24 ಮಂದಿ ಹೆಚ್ಚು ತೂಕದವರೆಂದು ಕಂಡುಬಂದಿದೆ. ಅವರಲ್ಲಿ ಆಪರೇಷನ್ ಬೇಕಾಗುವವರು ಕೆಲವರು ಮಾತ್ರ, ಕೈಗೆಟಕುವವರು ಇನ್ನೂ ಕೆಲವರು. ಆದರೆ ಹೊತ್ತಿಗೆ ಸರಿಯಾಗಿ ಕೂತು, ಕಾಳು-ಪಲ್ಯ ಮುಗಿದುಹೋಗುವ ಮೊದಲೇ ಬಡಿಸಿಕೊಂಡು, ನಿಧಾನವಾಗಿ ಅಗಿದು ಉಣ್ಣಲು ಯಾವ ಆಸ್ಪತ್ರೆಯೂ ಬೇಡ. ನಾಳೆ ಮಧ್ಯಾಹ್ನ ತಟ್ಟೆ ಇಡುವಾಗ ನಿಮ್ಮದನ್ನೂ ಜೊತೆಗೇ ಇಡಿ. ಯಾರಾದರೂ ಹುಬ್ಬೇರಿಸಿದರೆ, ಚನ್ನಗಿರಿಯ ಒಬ್ಬ ಅತ್ತೆ ಹಾಗೆ ಹೇಳಿದ್ದಾರೆ ಅಂತ ಹೇಳಿ!