ಓದುಗನ ಪಾಲು

ಪ್ರೌಢಶಾಲೆಯೊಂದರ ಒಂಬತ್ತನೆಯ ತರಗತಿಯಲ್ಲಿ ಕನ್ನಡದ ಪಾಠ ನಡೆದಿತ್ತು. ಎಲ್ಲರೂ ಚಿಕ್ಕಂದಿನಿಂದಲೇ ಬಲ್ಲ ‘ಗೋವಿನ ಹಾಡ’ನ್ನು ಉಪಾಧ್ಯಾಯರು ರಾಗವಾಗಿ ಓದಿ ಮುಗಿಸಿ, “ಮಕ್ಕಳೇ, ಆ ಹುಲಿ ಸಾಯಬೇಕಾಗಿತ್ತೇ?” ಎಂದು ಕೇಳಿದರು. ತರಗತಿ ಸ್ತಬ್ಧವಾಯಿತು. ಹಾಡಿನ ನೀತಿಯೇನೆಂದು ಕೇಳಿದ್ದರೆ ನಲವತ್ತು ಕಂಠಗಳು ಸತ್ಯದ ಮಹಿಮೆಯನ್ನು ಒಮ್ಮೆಗೇ ಒಪ್ಪಿಸುತ್ತಿದ್ದವು. ಈ ಪ್ರಶ್ನೆಗೆ ಮಾತ್ರ ಯಾವ ಗೈಡಿನಲ್ಲಿಯೂ ಸಿದ್ಧ ಉತ್ತರವಿರಲಿಲ್ಲ.

ಕೊನೆಯ ಸಾಲಿನ ಹುಡುಗಿಯೊಬ್ಬಳು ಅಂಜುತ್ತ ಎದ್ದು ನಿಂತಳು. “ಸಾಯಬಾರದಿತ್ತು ಸಾರ್. ಅಷ್ಟು ಹಸಿದಿದ್ದರೂ ಅದು ಹಸುವಿನ ಮಾತನ್ನು ನಂಬಿ ಕಳುಹಿಸಿತಲ್ಲ” ಎಂದಳು. ಕೆಲವರು ನಕ್ಕರು. ಉಪಾಧ್ಯಾಯರು ನಗಲಿಲ್ಲ. “ಹಾಗೆಂದು ಎಲ್ಲಿದೆ? ಹುಡುಕಿ ಓದಮ್ಮ” ಎಂದರು. ಆಕೆ ಪುಟ ತಿರುವುತ್ತಿರುವಾಗಲೇ ಹುಡುಗನೊಬ್ಬ ಎದ್ದು, “ಹುಲಿ ಮೊದಲು ನಂಬಲೇ ಇಲ್ಲ ಸಾರ್, ಹಂಗಿಸಿತು. ಆ ನಾಚಿಕೆಯಿಂದಲೇ ಪ್ರಾಣ ಬಿಟ್ಟಿರಬೇಕು” ಎಂದ. ಮುಂದಿನ ಸಾಲಿನವರೂ ಪುಸ್ತಕ ತೆರೆದರು. ಗಂಟೆ ಬಾರಿಸಿದರೂ ಚರ್ಚೆ ನಿಲ್ಲಲಿಲ್ಲ. ಎಷ್ಟೋ ಬಾರಿ ಹಾಡಿದ್ದ ಹಾಡನ್ನು ಆ ಮಕ್ಕಳು ಅಂದು ಮೊದಲ ಸಲ ಓದಿದರು.

ಕೃತಿಯು ಕವಿಯಲ್ಲಿ ಹುಟ್ಟಿ ಓದುಗನಲ್ಲಿ ಪೂರ್ಣಗೊಳ್ಳುತ್ತದೆ. ಇದನ್ನರಿತೇ ಭಾರತೀಯ ಕಾವ್ಯಮೀಮಾಂಸಕರು ಓದುಗನನ್ನು ‘ಸಹೃದಯ’ನೆಂದು ಕರೆದು ಕವಿಯ ಪಕ್ಕದಲ್ಲಿಯೇ ಆಸನವಿತ್ತರು. ಗಮಕ ಕಲೆಯಲ್ಲಿಯೂ ಒಬ್ಬರು ಕಾವ್ಯವನ್ನು ವಾಚಿಸಿದರೆ ಮತ್ತೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ಓದಿಗೆ ಒಡನೆಯೇ ಸ್ಪಂದನ ದೊರೆಯುತ್ತದೆ.

ಈ ಸ್ಪಂದನಕ್ಕೆ ಕಾಲದ ಹಂಗಿಲ್ಲ. ಸಾವಿರ ವರ್ಷಗಳ ಹಿಂದೆ ರನ್ನನು ಚಾಲುಕ್ಯ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ‘ಗದಾಯುದ್ಧ’ವನ್ನು ರಚಿಸಿದನು. ಕವಿಯ ಉದ್ದೇಶದಂತೆ ಭೀಮನೇ ನಾಯಕ. ಆದರೆ ಹೆಣಗಳ ನಡುವೆ ನಡೆಯುತ್ತ ತಮ್ಮನಿಗಾಗಿ, ಗೆಳೆಯ ಕರ್ಣನಿಗಾಗಿ ಮರುಗುವ, ಹಗೆಯ ಮಗನಾದ ಅಭಿಮನ್ಯುವಿನ ಶೌರ್ಯವನ್ನೂ ಮನಸಾರೆ ಕೊಂಡಾಡುವ ದುರ್ಯೋಧನನು ಬಿ.ಎಂ. ಶ್ರೀಕಂಠಯ್ಯನವರ ಹೃದಯವನ್ನು ಸೆಳೆದನು. ಅವರ ‘ಗದಾಯುದ್ಧ ನಾಟಕಂ’ ಕೃತಿಯಲ್ಲಿ ಆತನೇ ದುರಂತನಾಯಕನಾದನು. ಇದಕ್ಕೆ ಬೇಕಾದ ಆಧಾರವನ್ನು ಅವರು ರನ್ನನ ಪದ್ಯಗಳಲ್ಲಿಯೇ ಕಂಡುಕೊಂಡರು. ಕೊನೆಯ ಸಾಲಿನ ಆ ಹುಡುಗಿ ಹುಲಿಯ ಪರವಾಗಿ ಮಾಡಿದ್ದೂ ಇಂಥ ಕೆಲಸವನ್ನೇ.

ತೋಚಿದ್ದನ್ನೆಲ್ಲ ಆಡಿಬಿಟ್ಟರೆ ಅದು ಸ್ಪಂದನವೆನಿಸದು. ‘ನನಗೆ ಹೀಗನ್ನಿಸಿತು’ ಎಂಬ ಮಾತಿನ ಬೆನ್ನಿಗೇ ‘ಏಕೆ?’ ಎಂಬ ಪ್ರಶ್ನೆ ಬರಬೇಕು. ಆ ಪ್ರಶ್ನೆ ಓದುಗನನ್ನು ಮತ್ತೆ ಕೃತಿಯ ಬಳಿಗೆ ಕರೆದೊಯ್ಯಬೇಕು. ಹಾಗೆ ಹೋದವನ ಅಭಿಪ್ರಾಯ ಗಟ್ಟಿಯಾಗಬಹುದು, ಬದಲಾಗಲೂಬಹುದು. ಎರಡೂ ಲಾಭವೇ. ಓದಿದ ಪುಸ್ತಕದ ಬಗ್ಗೆ ನಾಲ್ಕು ಸಾಲನ್ನು ಸ್ವಂತ ಮಾತಿನಲ್ಲಿ ಬರೆದಿಡುವ ವಿದ್ಯಾರ್ಥಿ ಈ ಅಭ್ಯಾಸವನ್ನು ತಾನಾಗಿಯೇ ಬೆಳೆಸಿಕೊಳ್ಳುತ್ತಾನೆ.

ಕಂಠಪಾಠದ ಉತ್ತರ ಅಂಕಗಳನ್ನು ತಂದುಕೊಟ್ಟೀತು. ಆದರೆ ಹುಲಿಯ ವಿಷಯದಲ್ಲಿ ಅನ್ಯರ ಉತ್ತರವನ್ನು ಎರವಲು ಪಡೆದವನು ನಾಳೆ ಬದುಕಿನ ನ್ಯಾಯ ಅನ್ಯಾಯಗಳ ಮುಂದೆ ನಿಂತಾಗ ಯಾರ ಉತ್ತರಕ್ಕಾಗಿ ಕೈಚಾಚಬೇಕು?

ಅಂದು ತರಗತಿ ಬಿಡುವಾಗ ಉಪಾಧ್ಯಾಯರು ಕಪ್ಪುಹಲಗೆಯ ಮೇಲೆ ತಮ್ಮ ಪ್ರಶ್ನೆಯನ್ನಷ್ಟೇ ಬರೆದರು. ಉತ್ತರದ ಜಾಗವನ್ನು ಮಕ್ಕಳಿಗಾಗಿ ಬಿಟ್ಟು ಹೊರನಡೆದರು.