ಉದ್ಯಾನದ ಮೇಲಿನ ಆಕಾಶ

ಆಷಾಢದ ಗಾಳಿ ಬೀಸಿತೆಂದರೆ ಬಯಲುಸೀಮೆಯ ಹುಡುಗರ ಕಣ್ಣು ಮೇಲಕ್ಕೇ ಹೋಗುವುದು. ಬಿದಿರಿನ ಕಡ್ಡಿ, ಬಣ್ಣದ ಕಾಗದ, ಒಂದಿಷ್ಟು ಅಂಟು, ಹಳೆಯ ಬಟ್ಟೆಯ ಬಾಲಂಗೋಚಿ. ಇಷ್ಟಾದರೆ ಗಾಳಿಪಟ ಸಿದ್ಧ. ಅದು ನೆರೆಮನೆಯ ತೆಂಗಿನ ಗರಿಗೆ ಸಿಕ್ಕಿಕೊಂಡಾಗ ಆ ಮನೆಯ ಯಜಮಾನರು ಗದರುವುದಕ್ಕೆ ಯಾರನ್ನೂ ಹುಡುಕಿಕೊಂಡು ಅಲೆಯಬೇಕಾಗಿರಲಿಲ್ಲ. ದಾರ ಹಿಡಿದು ನಾಲ್ಕು ಹೆಜ್ಜೆ ನಡೆದರೆ ಅದರ ತುದಿಯಲ್ಲಿ ಅಪರಾಧಿ ಬಾಯಿ ಬಿಟ್ಟುಕೊಂಡು ನಿಂತಿರುತ್ತಿದ್ದ. ಆಕಾಶದಲ್ಲಿ ಹಾರುವುದು ಯಾರ ಕೈಯದೆಂಬುದು ನೆಲದ ಮೇಲಿನವರಿಗೆಲ್ಲ ತಿಳಿದಿರುತ್ತಿತ್ತು. ದಾರವು ಪಟವನ್ನು ಹಿಡಿದಿಡುವ ಸಾಧನವೂ ಹೌದು, ನೆರೆಹೊರೆಗೆ ಸಲ್ಲಿಸುವ ಒಂದು ಬಗೆಯ ಮರ್ಯಾದೆಯೂ ಹೌದು.

ಈಗ ನಗರದ ಉದ್ಯಾನಗಳಿಗೆ ದಾರವಿಲ್ಲದ ಪಟವೊಂದು ಬಂದಿದೆ. ಅದರ ಹೆಸರು ಡ್ರೋನ್. ಇಂಗ್ಲಿಷಿನಲ್ಲಿ ಈ ಮಾತಿಗೆ ಗಂಡು ಜೇನುನೊಣವೆಂದು ಅರ್ಥ. 1935ರಲ್ಲಿ ಬ್ರಿಟನ್ನಿನವರು ಫಿರಂಗಿಗಳ ಗುರಿಯಭ್ಯಾಸಕ್ಕಾಗಿ, ಚಾಲಕನಿಲ್ಲದೆ ರೇಡಿಯೋ ಸಂಕೇತದಿಂದ ಹಾರುವ ವಿಮಾನವೊಂದನ್ನು ಬಳಕೆಗೆ ತಂದು ಅದಕ್ಕೆ ‘ಕ್ವೀನ್ ಬೀ’, ಎಂದರೆ ರಾಣಿಜೇನು, ಎಂದು ಹೆಸರಿಟ್ಟರು. ಆ ರಾಣಿಯ ನೆಂಟಸ್ತಿಕೆಯಿಂದಲೇ ಮುಂದಿನ ಪೀಳಿಗೆಗೆ ಡ್ರೋನ್ ಎಂಬ ಹೆಸರು ಅಂಟಿಕೊಂಡಿತೆಂದು ಹೇಳುವುದುಂಟು. ಗಂಡುಜೇನು ಗೂಡಿಗೆ ಮಕರಂದ ತರುವುದಿಲ್ಲ; ಕುಟುಕೋಣವೆಂದರೆ ಅದಕ್ಕೆ ಕೊಂಡಿಯೂ ಇಲ್ಲ. ಉದ್ಯಾನದ ಡ್ರೋನಿಗೂ ಕೊಂಡಿಯಿಲ್ಲ, ಆದರೆ ಕಣ್ಣಿದೆ. ಜಗಳವೆಲ್ಲ ಆ ಕಣ್ಣಿನದು.

ಯಂತ್ರವೇನೋ ಚೆಲುವಾದದ್ದು. ನಾಲ್ಕು ತೋಳು, ತೋಳಿಗೊಂದು ಪ್ರೊಪೆಲ್ಲರ್. ಎರಡು ಬಲಕ್ಕೆ ತಿರುಗಿದರೆ ಎರಡು ಎಡಕ್ಕೆ ತಿರುಗುತ್ತವೆ. ನಾಲ್ಕೂ ಒಂದೇ ಕಡೆಗೆ ತಿರುಗಿದ್ದರೆ ಯಂತ್ರವೇ ಬುಗುರಿಯಂತೆ ಸುತ್ತಬೇಕಾಗುತ್ತಿತ್ತು. ಹೊಟ್ಟೆಯೊಳಗಿನ ಸೂಕ್ಷ್ಮ ಉಪಕರಣವೊಂದು ದೇಹ ಯಾವ ಕಡೆಗೆ ವಾಲಿತೆಂಬುದನ್ನು ಕಣ್ಣು ಮಿಟುಕಿಸುವುದರೊಳಗೆ ಹತ್ತಾರು ಸಲ ಅಳೆದು, ಆಯಾ ಪ್ರೊಪೆಲ್ಲರಿನ ವೇಗವನ್ನು ಏರಿಳಿಸುತ್ತದೆ. ಹಾಗೆಂದೇ ಗಾಳಿಯಲ್ಲಿ ಅದು ಗೂಟಕ್ಕೆ ಕಟ್ಟಿದ ಕರುವಿನಂತೆ ನಿಂತಲ್ಲೇ ನಿಲ್ಲಬಲ್ಲದು. ಅದರ ಆಯುಸ್ಸು ಮಾತ್ರ ಅಲ್ಪ. ಒಳ್ಳೆಯ ಜಾತಿಯದಾದರೆ ಒಮ್ಮೆ ತುಂಬಿದ ಬ್ಯಾಟರಿಯಲ್ಲಿ 20, 30 ನಿಮಿಷ. ಮಕ್ಕಳ ಆಟಿಕೆಯಾದರೆ ಹತ್ತು ನಿಮಿಷದೊಳಗೆ ಅದಕ್ಕೆ ಏದುಸಿರು.

ಇದನ್ನು ಹಾರಿಸುವ ತರುಣನನ್ನು ಸೋಮಾರಿಯೆಂದು ತಳ್ಳಿಹಾಕುವುದು ನ್ಯಾಯವಲ್ಲ. 2022ರ ಫೆಬ್ರವರಿ 9ರಂದು ಭಾರತ ಸರ್ಕಾರ ಹೊರದೇಶದ ಸಿದ್ಧ ಡ್ರೋನ್‌ಗಳ ಆಮದನ್ನು, ಸಂಶೋಧನೆ ಹಾಗೂ ರಕ್ಷಣೆಯಂಥ ಕೆಲವು ಕಾರ್ಯಗಳ ಹೊರತು, ನಿಷೇಧಿಸಿತು, ಬಿಡಿಭಾಗಗಳಿಗೆ ತಡೆಯೊಡ್ಡಲಿಲ್ಲ. ಅಂದಿನಿಂದ ಕೈಚಳಕವಿದ್ದ ಹುಡುಗರಿಗೆ ಬೆಂಗಳೂರಿನ ಎಸ್. ಪಿ. ರಸ್ತೆಯ ಇಕ್ಕಟ್ಟಾದ ಅಂಗಡಿಗಳೇ ಪಾಠಶಾಲೆಯಾದವು. ಮೋಟಾರು ಆರಿಸುವುದು, ತಂತಿಗೆ ಬೆಸುಗೆ ಹಾಕುವುದು, ತೂಕ ಲೆಕ್ಕ ಹಾಕುವುದು, ಬಿದ್ದು ಮುರಿದದ್ದನ್ನು ಮತ್ತೆ ಜೋಡಿಸುವುದು. ಕಾಲೇಜಿನ ಪುಸ್ತಕ ಕಲಿಸದ ತಾಳ್ಮೆಯನ್ನು ಈ ಆಟ ಕಲಿಸುತ್ತದೆ. ತಾನು ಹುಟ್ಟಿ ಬೆಳೆದ ಬೀದಿಯನ್ನು ಹಕ್ಕಿ ನೋಡುವಂತೆ ಒಮ್ಮೆ ನೋಡಿದ ಹುಡುಗನ ಮುಖದಲ್ಲಿ ಮೂಡುವ ಬೆರಗು ಸುಳ್ಳಲ್ಲ.

ಆದರೆ ಉದ್ಯಾನಕ್ಕೆ ಬರುವವರು ಆ ಹುಡುಗನೊಬ್ಬನೇ ಅಲ್ಲವಷ್ಟೆ. ಮುಂಜಾನೆಯ ಕಬ್ಬನ್ ಪಾರ್ಕಿನಲ್ಲಿಯಾಗಲಿ ಲಾಲ್‌ಬಾಗಿನಲ್ಲಿಯಾಗಲಿ ಒಂದು ಸುತ್ತು ಬಂದರೆ ಊರಿನ ಕಷ್ಟಸುಖವೆಲ್ಲ ಕಲ್ಲುಬೆಂಚುಗಳ ಮೇಲೆ ಕುಳಿತಿರುವುದು ಕಾಣುತ್ತದೆ. ಸೊಸೆಯೊಡನೆ ಮನಸ್ತಾಪ ಮಾಡಿಕೊಂಡು ಬಂದ ಅತ್ತೆ ಒಂದು ಬೆಂಚಿನ ಮೇಲೆ. ಅತ್ತೆಯೊಡನೆ ಮನಸ್ತಾಪ ಮಾಡಿಕೊಂಡು ಬಂದ ಸೊಸೆ ಇನ್ನೊಂದರ ಮೇಲೆ. ವೈದ್ಯರ ಮಾತಿಗೆ ಹೆದರಿ ನಡೆಯುವವರು, ಕೆಲಸ ಕಳೆದುಕೊಂಡದ್ದನ್ನು ಮನೆಯಲ್ಲಿ ಹೇಳಲಾರದೆ ಬಂದು ಕೂರುವವರು, ಮದುವೆಯ ಮಾತು ಇನ್ನೂ ಹಿರಿಯರ ಕಿವಿಗೆ ಬೀಳದ ಜೋಡಿಗಳು. ಎರಡು ಕೋಣೆಯ ಮನೆಯಲ್ಲಿ ಆರು ಜನರೊಡನೆ ಬಾಳುವವರಿಗೆ ಏಕಾಂತ ದೊರೆಯುವುದು ಸಾವಿರ ಜನ ಓಡಾಡುವ ಉದ್ಯಾನದಲ್ಲಿ. ಇದು ವಿಚಿತ್ರವಾದರೂ ನಿಜ. ಅವರ ತಲೆಯ ಮೇಲೆ ಗುಂಯ್ ಎನ್ನುವ ಸದ್ದು ಬಂದು ನಿಂತರೆ ಆ ಏಕಾಂತ ಅಲ್ಲಿಗೆ ಮುಗಿಯಿತು.

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವೂ ಮೂಲಭೂತ ಹಕ್ಕೆಂದು ಸಾರಿತು. ಸಾರ್ವಜನಿಕ ಸ್ಥಳದಲ್ಲಿ ಕಾಲಿಟ್ಟ ಮಾತ್ರಕ್ಕೆ ಮನುಷ್ಯ ಅದನ್ನು ಬಿಟ್ಟುಕೊಟ್ಟಂತಾಗದೆಂಬ ಮಾತೂ ಆ ತೀರ್ಪಿನಲ್ಲಿ ಬಂದಿದೆ. ಆ ಮೊಕದ್ದಮೆಗೆ ತಮ್ಮ ಹೆಸರನ್ನು ಕೊಟ್ಟ ಹಿರಿಯರು ಕೆ. ಎಸ್. ಪುಟ್ಟಸ್ವಾಮಿಯವರು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು. ಆ ಹೈಕೋರ್ಟಿನ ಕೆಂಪು ಕಟ್ಟಡ ನಿಂತಿರುವುದು ಕಬ್ಬನ್ ಪಾರ್ಕಿನ ಅಂಚಿನಲ್ಲಿಯೇ. ಪಾರ್ಕಿನ ಬೆಂಚಿಗೂ ನ್ಯಾಯಪೀಠಕ್ಕೂ ಇರುವ ದೂರ ಕೆಲವೊಮ್ಮೆ ಜನ ತಿಳಿದುಕೊಂಡಷ್ಟು ಹೆಚ್ಚಲ್ಲ.

ಇನ್ನು ಉದ್ಯಾನದ ಮೂಲನಿವಾಸಿಗಳ ವಿಚಾರ. ಹದ್ದುಗಳು ಎತ್ತರದ ಮರಗಳಲ್ಲಿ ಗೂಡು ಕಟ್ಟಿ ಮರಿಮಾಡುವ ತಿಂಗಳುಗಳಲ್ಲಿ ತಮ್ಮ ಮೇಲೆ ಹಾರುವ ಯಾವುದನ್ನೂ ಸಹಿಸವು. ಡ್ರೋನನ್ನು ಶತ್ರುವೆಂದು ಬಗೆದು ಎರಗಿದ ಹಕ್ಕಿಗೆ ತಿರುಗುವ ಅಲಗು ಗರಿಯನ್ನೇ ಕತ್ತರಿಸಬಹುದು. ಹೆಜ್ಜೇನಿನ ತಟ್ಟಿಯ ಬಳಿ ಈ ಹುಸಿಜೇನು ಸುಳಿದರೆ ಓಡಬೇಕಾದವರು ಕೆಳಗಿನವರು. ಎತ್ತರದಿಂದ ಬೀಳುವ ಅಪಾಯ ಬೇರೆ. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ 20 ಮೀಟರ್ ಮೇಲಿನಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಗಂಟೆಗೆ ಸುಮಾರು 70 ಕಿಲೋಮೀಟರ್ ವೇಗದಲ್ಲಿರುತ್ತದೆ. ತೆಂಗಿನಕಾಯಿಯೂ ಹೀಗೆಯೇ ಬೀಳುವುದೆಂದು ವಾದಿಸುವವರುಂಟು. ಆದರೆ ತೆಂಗಿನ ಮರ ಎಲ್ಲಿದೆಯೆಂಬುದು ನಡೆಯುವವನಿಗೆ ಮೊದಲೇ ಗೊತ್ತಿರುತ್ತದೆ.

ಕಾಯಿದೆಯೂ ಈ ಆಟಿಕೆಯ ಹಿಂದೆ ಓಡಿ ಓಡಿ ದಣಿದಿದೆ. 2014ರ ಅಕ್ಟೋಬರಿನಲ್ಲಿ ವಿಮಾನಯಾನ ಇಲಾಖೆಯವರು ಸಾರ್ವಜನಿಕರು ಡ್ರೋನ್ ಹಾರಿಸಲೇ ಕೂಡದೆಂದರು. 2018ರ ಡಿಸೆಂಬರಿನಿಂದ ಹಾರಿಸಬಹುದೆಂದರು. ಆದರೆ ರಾಜ್ಯದ ರಾಜಧಾನಿಗಳಲ್ಲಿ ಸಚಿವಾಲಯದ ಸುತ್ತ 3 ಕಿಲೋಮೀಟರ್ ನಿಷಿದ್ಧವೆಂದರು. ವಿಧಾನಸೌಧದ ಎದುರಿಗೇ ಮಲಗಿರುವ ಕಬ್ಬನ್ ಪಾರ್ಕಿನ ಪಾಡು ಅಲ್ಲಿಗೆ ತಿಳಿಯಿತು. 2021ರ ಆಗಸ್ಟಿನಲ್ಲಿ ಬಂದ ಹೊಸ ನಿಯಮಗಳು 25 ಅರ್ಜಿ ನಮೂನೆಗಳನ್ನು 5ಕ್ಕೆ ಇಳಿಸಿದವು. 250 ಗ್ರಾಂವರೆಗಿನ ಯಂತ್ರಕ್ಕೂ, ವ್ಯಾಪಾರಕ್ಕಲ್ಲದೆ ಬಳಸುವ 2 ಕಿಲೋಗ್ರಾಂವರೆಗಿನ ಯಂತ್ರಕ್ಕೂ ಚಾಲಕನ ಪರವಾನಗಿ ಬೇಡವೆಂದವು. ದೇಶದ ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ಮೂರು ಬಣ್ಣಗಳಲ್ಲಿ ಬರೆದು, ಹಸಿರಿನಲ್ಲಿ 400 ಅಡಿಯವರೆಗೆ ಅಪ್ಪಣೆಯಿಲ್ಲದೆ ಏರಬಹುದೆಂದವು. ಆದರೆ ಉದ್ಯಾನ ಹಸಿರಾಗಿದ್ದ ಮಾತ್ರಕ್ಕೆ ಅದರ ಆಕಾಶ ಹಸಿರಾಗಬೇಕೆಂದಿಲ್ಲ. ಮೇಲಾಗಿ ಆಕಾಶದ ಒಡೆತನ ದೆಹಲಿಯದಾದರೆ ನೆಲದ ಒಡೆತನ ತೋಟಗಾರಿಕೆ ಇಲಾಖೆಯದೋ ನಗರಾಡಳಿತದ್ದೋ ಆಗಿರುತ್ತದೆ. ಹುಡುಗನ ಕಾಲು ಒಬ್ಬರ ಅಧಿಕಾರದಲ್ಲಿ, ಅವನ ಆಟಿಕೆ ಇನ್ನೊಬ್ಬರ ಅಧಿಕಾರದಲ್ಲಿ.

ಬಡಾವಣೆಯ ಪುಟ್ಟ ಪಾರ್ಕೊಂದರಲ್ಲಿ ವಾಯುವಿಹಾರಕ್ಕೆ ಬಂದ ನಿವೃತ್ತ ಮೇಷ್ಟರಿಗೂ ಅಂಥ ಹುಡುಗನಿಗೂ ನಡೆದ ಮಾತು ಇಂಥ ಎಲ್ಲ ಪಾರ್ಕುಗಳ ಮಾತೂ ಹೌದು.

“ಏನಪ್ಪಾ, ಇದನ್ನು ಇಲ್ಲಿ ಹಾರಿಸುವುದಕ್ಕೆ ಅಪ್ಪಣೆ ಉಂಟೋ?”

“ಇಲ್ಲ ತಾತ. ಎರಡೇ ನಿಮಿಷ, ಇಳಿಸಿಬಿಡುತ್ತೇನೆ.”

“ಇಳಿಸು ಮಗು. ಹೆಂಗಸರು ಅಲ್ಲಿ ಕುಳಿತಿದ್ದಾರೆ, ಗಾಬರಿಯಾಗುತ್ತಾರೆ.”

ಹುಡುಗ ಇಳಿಸಿದ. ಇಳಿಸಿದವನು ತಲೆ ತಗ್ಗಿಸಿಕೊಂಡೇ ಕೇಳಿದ: “ಎಲ್ಲಿ ಹಾರಿಸಲಿ, ನೀವೇ ಹೇಳಿ ತಾತ. ಮಹಡಿಯ ಮೇಲೆ ಹಾರಿಸಿದರೆ ಪಕ್ಕದ ಮನೆಯವರು ಬೈಯುತ್ತಾರೆ. ಮೈದಾನದಲ್ಲಿ ಕ್ರಿಕೆಟ್ಟಿನವರು ಬಿಡುವುದಿಲ್ಲ. ಊರ ಹೊರಗೆ ಹೋಗೋಣವೆಂದರೆ ಊರು ಮುಗಿಯುವುದೇ ಇಲ್ಲ.”

ಮೇಷ್ಟರ ಬಳಿ ಉತ್ತರವಿರಲಿಲ್ಲ. ಅವರ ಬಾಲ್ಯದಲ್ಲಿ ಎರಡನೆಯ ಅಡ್ಡರಸ್ತೆಯ ಆಚೆಗೆ ರಾಗಿ ಹೊಲವಿತ್ತು, ಅದರಾಚೆ ಕೆರೆಯಂಗಳವಿತ್ತು. ಗಾಳಿಪಟಕ್ಕೆ ಅಪ್ಪಣೆ ಕೇಳಬೇಕೆಂಬ ಯೋಚನೆಯೇ ಯಾರಿಗೂ ಬಂದಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರು, “ಎಲ್ಲಿ, ಅದು ಏನು ಕಂಡಿತು ತೋರಿಸು” ಎಂದರು. ಹುಡುಗ ಕೈಯಲ್ಲಿದ್ದ ಪರದೆಯನ್ನು ಅವರತ್ತ ತಿರುಗಿಸಿದ. ಹೆಂಗಸರಿರಲಿ, ಬೆಂಚೂ ಕಾಣಲಿಲ್ಲ. ಬರೀ ಮರದ ನೆತ್ತಿಗಳು, ಎಲೆಯ ಮೇಲೆ ಎಲೆ. ಒಂದು ನೆತ್ತಿಯಲ್ಲಿ ಕಡ್ಡಿಗಳ ಗೂಡು. ವರ್ಷಗಟ್ಟಲೆ ಆ ಮರದ ಬುಡದಲ್ಲೇ ಕುಳಿತವರಿಗೆ ಅದು ತಿಳಿದಿರಲಿಲ್ಲ. “ಗೂಡಿದೆ, ಇನ್ನು ಇಲ್ಲಿ ಬೇಡ” ಎಂದು ಹುಡುಗನೇ ಹೇಳಿದ.

ಭಯ ಅರ್ಧ ಕಳೆದದ್ದು ಆ ಪರದೆ ತಿರುಗಿದಾಗ. ಕಾಣದ ದಾರವನ್ನು ಕಾಣುವಂತೆ ಮಾಡುವುದೇ ಈ ಹವ್ಯಾಸದ ಶಿಷ್ಟಾಚಾರವಾಗಬೇಕು. ಹಾರಿಸುವವನು ಮರೆಯಲ್ಲಿ ನಿಲ್ಲದೆ ಬಯಲಿನಲ್ಲಿ ನಿಲ್ಲಲಿ. ಯಂತ್ರದ ಮೇಲೆ ತನ್ನ ಹೆಸರು ಬರೆಯಲಿ. ಅದು ಕಣ್ಣಳತೆ ಮೀರದಿರಲಿ. ಜನರ ನೆತ್ತಿಯ ಮೇಲೆ ಸುಳಿಯದಿರಲಿ. ಕೇಳಿದವರಿಗೆ ಚಿತ್ರ ತೋರಿಸಲಿ, ಬೇಡವೆಂದರೆ ಅಳಿಸಲಿ. ಇಷ್ಟನ್ನು ಹುಡುಗರು ಒಪ್ಪಿಯಾರು. ಆದರೆ ಹಿರಿಯರ ಪಾಲಿನ ಸಾಲ ಅದರಿಂದ ತೀರದು. ಹೊಲವನ್ನೂ ಕೆರೆಯಂಗಳವನ್ನೂ ಮನೆಗಳಾಗಿ ಕಟ್ಟಿಕೊಂಡವರು ಅವರು. ಮಕ್ಕಳ ಆಕಾಶ ಅದರೊಡನೆಯೇ ಹೋಯಿತು. ನಗರದ ನಾಲ್ಕು ದಿಕ್ಕಿಗೆ ನಾಲ್ಕು ಬಯಲುಗಳನ್ನು ಗುರುತಿಸಿ, ಭಾನುವಾರದ ಬೆಳಗಿನ ಎರಡು ಗಂಟೆಯನ್ನು ಈ ಆಟಕ್ಕೆ ಬಿಟ್ಟುಕೊಡುವುದು ಆಡಳಿತಕ್ಕೆ ಎಟುಕದ ಕೆಲಸವಲ್ಲ. ಆ ಎರಡು ಗಂಟೆ ನಡೆಯಲು ಬರುವವರು ಬೇರೆ ದಾರಿ ಹಿಡಿದಾರು. ಉಳಿದ ಹೊತ್ತು ಹುಡುಗರು ಕಾದಾರು.

ಉದ್ಯಾನದ ಬಾಗಿಲಲ್ಲಿ ‘ಹುಲ್ಲು ತುಳಿಯಬಾರದು’, ‘ಚೆಂಡಾಡಬಾರದು’, ‘ಹೂ ಕೀಳಬಾರದು’ ಎಂಬ ಹಲಗೆಗಳಿಗೆ ಬಣ್ಣ ಬಳಿಯುವವನ ಡಬ್ಬಿಯಲ್ಲಿ ಇನ್ನೂ ಒಂದಿಷ್ಟು ಬಣ್ಣ ಉಳಿದಿರಲೇಬೇಕು. ‘ಇಲ್ಲಿ ಹಾರಿಸಬಹುದು’ ಎಂದು ಊರಿನ ಯಾವುದಾದರೊಂದು ಬಯಲಿನಲ್ಲಿ ಬರೆಯುವುದಕ್ಕೆ ಅಷ್ಟು ಸಾಕು.