ಸೊಸೆಯ ಥೀಸಿಸ್ಸೂ ನನ್ನ ಸ್ಟೀಲ್ ನಾರೂ

ಮನೆಗೆ ಬಂದ ಸೊಸೆ ಇನ್ನೂ ಓದುತ್ತೇನೆಂದರೆ ನೀವು ಏನು ಹೇಳುತ್ತೀರಿ? ಬಿ.ಎಡ್. ಎಂದರೆ "ಆಗಲವ್ವ" ಎನ್ನುತ್ತೀರಿ. ಬ್ಯಾಂಕ್ ಪರೀಕ್ಷೆ ಎಂದರೆ ಸಂತೋಷವನ್ನೇ ಪಡುತ್ತೀರಿ. ನನ್ನ ಸೊಸೆ ಕೇಳಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗಿನಲ್ಲಿ ಎಂ.ಟೆಕ್. ಪಾಠ, ಪರೀಕ್ಷೆಗಳೆಲ್ಲ ಮದುವೆಗೆ ಮುಂಚೆಯೇ ಮುಗಿದಿದ್ದವು. ಥೀಸಿಸ್ ಒಂದು ಬಾಕಿ. "ಬರೆಯೋದು ತಾನೆ, ಮನೇಲೇ ಕೂತು ಬರಿ" ಎಂದೆ. ಅವಳು ನಕ್ಕಳು. "ಅತ್ತೆಮ್ಮ, ಬರೆಯೋದು ಕಡೇಗೆ. ಮೊದಲು ಲೇತಿನ ಮೇಲೆ ಕಬ್ಬಿಣ ಕಡೀಬೇಕು" ಎಂದಳು.

ನಮ್ಮದು ಹರಿಹರ. ಲೇತ್ ಎಂದರೇನೆಂದು ಗೊತ್ತಿಲ್ಲದ ಮನೆ ಇಲ್ಲಿ ಕಡಿಮೆ. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ 1941ರಲ್ಲಿ ನಮ್ಮೂರಲ್ಲಿ ಶುರುವಾಗಿ, ಇಲ್ಲಿ ತಯಾರಾದ ಲೇತುಗಳು ದೇಶದ ತುಂಬ ಹೋದವು. ಆ ಕಾರ್ಖಾನೆ ಈಗಿಲ್ಲ. ಲೇತುಗಳು ಮಾತ್ರ ಇನ್ನೂ ಎಷ್ಟೋ ಶೆಡ್ಡುಗಳಲ್ಲಿ ತಿರುಗುತ್ತಿವೆ. ನಮ್ಮ ಹಿತ್ತಲಿನ ಶೆಡ್ಡಿನಲ್ಲೂ ಒಂದಿದೆ. ನಮ್ಮ ಮನೆಯವರು ಸೆಕೆಂಡ್ ಹ್ಯಾಂಡಿನಲ್ಲಿ ತಂದದ್ದು. ಭದ್ರಾ ನಾಲೆಯ ಭತ್ತದ ಸೀಮೆಯಲ್ಲವೇ, ರೈಸ್ ಮಿಲ್ಲಿನ ಶಾಫ್ಟು, ಪಂಪಿನ ಬುಶ್ಶು, ಟ್ರ್ಯಾಕ್ಟರಿನ ಪಿನ್ನು ಎಂದು ಕೆಲಸಕ್ಕೆ ಬರವಿಲ್ಲ. ಹೀಗಿದ್ದೂ ನನಗೆ ಅವಳ ಓದು ಕಬ್ಬಿಣದ ಕಡಲೆಯಾಯಿತು. ಲೇತಿನ ಮುಂದೆ ಗಂಡಸರು ನಿಲ್ಲುವುದನ್ನು ಮೂವತ್ತು ವರ್ಷ ನೋಡಿದವಳು ನಾನು.

ಓದುವ ಕಾಲೇಜು ದಾವಣಗೆರೆಯಲ್ಲಿ, ನಮ್ಮಿಂದ ಹದಿನಾಲ್ಕು ಕಿಲೋಮೀಟರು. ದಾವಣಗೆರೆಗೆ ಇಂಜಿನಿಯರಿಂಗ್ ಹೊಸದೇನಲ್ಲ. ಬಿ.ಡಿ.ಟಿ. ಕಾಲೇಜು ಹುಟ್ಟಿದ್ದು 1951ರಲ್ಲಿ, ಬಾಪೂಜಿ ಕಾಲೇಜು 1979ರಲ್ಲಿ. ಅವಳದು ಯಾವ ಕಾಲೇಜೆಂದು ಮಾತ್ರ ಬರೆಯಬೇಡಿ ಎಂದಿದ್ದಾಳೆ, ಬರೆಯುವುದಿಲ್ಲ. ಎದುರು ಮನೆಯ ರಿಟೈರ್ಡ್ ಮೇಷ್ಟ್ರು ನನಗೆ ಬುದ್ಧಿ ಹೇಳಲು ಬಂದರು. ನಮ್ಮ ರಾಜ್ಯದ ರಾಜೇಶ್ವರಿ ಚಟರ್ಜಿಯವರು 1947ರಲ್ಲೇ ಸ್ಕಾಲರ್‌ಷಿಪ್ಪಿನಲ್ಲಿ ಅಮೆರಿಕಕ್ಕೆ ಹೋಗಿ ಇಂಜಿನಿಯರಿಂಗ್ ಓದಿ, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಪ್ರೊಫೆಸರ್ ಆಗಿದ್ದರಂತೆ. "ಅವರ ಅತ್ತೆ ಹಿತ್ತಲಲ್ಲಿ ಲೇತ್ ಇರಲಿಲ್ಲ ಬಿಡ್ರಿ" ಎಂದುಬಿಟ್ಟೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ನನ್ನ ಮೊದಲ ಜಗಳ ಬಳೆಯದು. ತಿರುಗುವ ಲೇತಿನ ಮುಂದೆ ಬಳೆ, ವೇಲು, ಇಳಿಬಿಟ್ಟ ಜಡೆ ಯಾವುದೂ ಇರಬಾರದು, ಸಿಕ್ಕಿಕೊಂಡರೆ ಪ್ರಾಣಕ್ಕೇ ಸಂಚಕಾರ. ಅದು ನನಗೂ ಗೊತ್ತು. ಆದರೂ ಶುಕ್ರವಾರ ಸೊಸೆ ಬಳೆ ತೆಗೆದು ಕಿಟಕಿಯ ಮೇಲಿಟ್ಟು, ಮಾವನ ಮುಂದೆ ವೇಲಿಲ್ಲದೆ ನಿಂತದ್ದನ್ನು ಕಂಡು ಎದೆ ಧಸಕ್ಕೆಂದಿತು. ಎರಡು ದಿನ ಮಾತು ಬಿಟ್ಟೆ. ಅವಳು ಅದಕ್ಕೂ ಏನೂ ಅನ್ನಲಿಲ್ಲ. ಕೆಲಸ ಮುಗಿಸಿ, ಕೈ ತೊಳೆದು, ಬಳೆ ತೊಟ್ಟು ರೊಟ್ಟಿ ಬಡಿಯಲು ಕೂತಳು.

ಅವಳ ಥೀಸಿಸ್ಸಿನ ವಿಷಯ ಹುಟ್ಟಿದ್ದು ಮಾವನ ಕೈಯಿಂದ. ಕಬ್ಬಿಣ ಕಡೆಯುವಾಗ ಟೂಲು ಕಾಯುತ್ತದೆ. ಅದನ್ನು ತಣ್ಣಗಿಡಲು ನೀರಿಗೆ ಒಂದು ಬಗೆಯ ಎಣ್ಣೆ ಬೆರೆಸಿ, ಮಜ್ಜಿಗೆಯಂತೆ ಬೆಳ್ಳಗೆ ಮಾಡಿ ಸುರಿಯುತ್ತಾರೆ. ಕೂಲೆಂಟ್ ಎನ್ನುತ್ತಾರೆ. ದಿನ ಕಳೆದರೆ ಅದು ಹಳಸಿ ನಾರುತ್ತದೆ. ವರ್ಷಗಟ್ಟಲೆ ಅದರಲ್ಲಿ ಕೈಯಾಡಿಸಿ ನಮ್ಮವರ ಬೆರಳ ಸಂದಿಯೆಲ್ಲ ಬಿರಿದು ರಾತ್ರಿಯಿಡೀ ತುರಿಕೆ. ಡಾಕ್ಟರು ಮುಲಾಮು ಕೊಟ್ಟು, "ಅದನ್ನು ಮುಟ್ಟೋದು ಬಿಡಿ" ಎಂದರು. ಮುಟ್ಟದೆ ಹೊಟ್ಟೆ ತುಂಬುವುದು ಹೇಗೆ? ಗ್ಲೌಸ್ ಹಾಕಿಕೊಳ್ಳೋಣವೆಂದರೆ ಬಳೆಗೆ ಹೇಳಿದ ಮಾತೇ ಅದಕ್ಕೂ. ನಾನು ಕೊಬ್ಬರಿ ಎಣ್ಣೆ ಹಚ್ಚಿ ಸುಮ್ಮನಾಗುತ್ತಿದ್ದೆ. ಸೊಸೆ ಒಂದು ದಿನ ಆ ಕೈ ಹಿಡಿದು ನೋಡಿದಳು. "ಮಾವ, ಕೂಲೆಂಟ್ ಬದಲು ಹೊಂಗೆ ಎಣ್ಣೆ ಹನಿ ಹನಿ ಬಿಟ್ಟು ನೋಡೋಣ" ಎಂದಳು.

ಹೊಂಗೆ ಎಣ್ಣೆ ನಮಗೆ ಹೊಸದೇ? ಕರೆಂಟಿಲ್ಲದ ಕಾಲದಲ್ಲಿ ದೀಪಕ್ಕೆ ಅದೇ. ಕಹಿ, ತಿನ್ನಲು ಬಾರದು, ಆದ್ದರಿಂದ ಯಾರ ಒಗ್ಗರಣೆಗೂ ಕೊರತೆಯಿಲ್ಲ. ಗಿಡದೆಣ್ಣೆಗಳನ್ನು ಹೀಗೆ ಬಳಸುವ ಬಗ್ಗೆ ಬೇರೆ ಬೇರೆ ದೇಶಗಳಲ್ಲೂ ಪ್ರಯೋಗ ನಡೆದಿದೆಯಂತೆ. ಹನಿ ಬಿಡಲು ಅವಳು ಮಾಡಿದ ಉಪಾಯ ಕೇಳಿ: ಮೆಡಿಕಲ್ ಷಾಪಿನಿಂದ ಹೊಸ ಡ್ರಿಪ್ ಸೆಟ್ ತಂದು, ಕೊಳವೆ ಸಮೇತ ಲೇತಿನ ಮೇಲೆ ತೂಗುಹಾಕಿದಳು. ಆಸ್ಪತ್ರೆಯ ರೋಗಿಗೆ ಗ್ಲೂಕೋಸ್ ಬಿಟ್ಟಂತೆ ನಮ್ಮ ಲೇತಿಗೆ ಹೊಂಗೆ ಎಣ್ಣೆ!

ಪ್ರಯೋಗವೆಂದರೆ ಏನೆಂದು ನಾನು ಕೇಳಿದ್ದಕ್ಕೆ ಬೆಣ್ಣೆದೋಸೆಯ ಲೆಕ್ಕ ಹೇಳಿದಳು. ಉರಿ, ಹಿಟ್ಟಿನ ಹದ, ಬೆಣ್ಣೆ ಮೂರೂ ಹೆಚ್ಚು ಕಡಿಮೆಯಾದಂತೆ ದೋಸೆ ಬೇರೆಯಾಗುತ್ತದೆ. ಪ್ರತಿಯೊಂದನ್ನೂ ಮೂರು ಮೂರು ಬಗೆಯಲ್ಲಿ ನೋಡಬೇಕೆಂದರೆ ಇಪ್ಪತ್ತೇಳು ದೋಸೆ ಹುಯ್ಯಬೇಕು. ಜಪಾನಿನ ತಾಗುಚಿ ಎಂಬುವರ ಪಟ್ಟಿ ಹಿಡಿದರೆ ಒಂಬತ್ತರಲ್ಲೇ ಅಂದಾಜು ಸಿಗುತ್ತದೆ. ಲೇತಿನಲ್ಲಿ ಆ ಮೂರು ಎಂದರೆ ತಿರುಗುವ ವೇಗ, ಟೂಲು ಮುಂದೆ ಸರಿಯುವ ಫೀಡು, ಕಡೆಯುವ ಆಳ. ಒಣದಾಗಿ ಒಂಬತ್ತು, ಕೂಲೆಂಟಿನಲ್ಲಿ ಒಂಬತ್ತು, ಹೊಂಗೆಯಲ್ಲಿ ಒಂಬತ್ತು. ಕಡೆಗೆ ಇಪ್ಪತ್ತೇಳು ತುಂಡೇ ಆಯಿತು ನೋಡಿ! ಪ್ರತಿ ತುಂಡಿನ ನಯವನ್ನು ವಜ್ರದ ಮೊನೆಯ ಯಂತ್ರದಲ್ಲಿ ಅಳೆಯಬೇಕು. ಲೆಕ್ಕ ಮೈಕ್ರಾನಿನಲ್ಲಿ, ಒಂದು ಮಿಲಿಮೀಟರಿನಲ್ಲಿ ಸಾವಿರ ಮೈಕ್ರಾನ್. ಕಣ್ಣಿಗೆ ಕಾಣದ ಗೆರೆಗಳ ಆಳ ಅದು.

ಈ ನಡುವೆ ಮೊಮ್ಮಗ ಹುಟ್ಟಿದ. ಒಂದು ವರ್ಷ ಎಲ್ಲ ನಿಂತಿತು. ಕೂಸಿಗೆ ಎಂಟು ತಿಂಗಳಾದಾಗ, ಡಿಸೆಂಬರಿನೊಳಗೆ ಕೊಡದಿದ್ದರೆ ರಿಜಿಸ್ಟ್ರೇಷನ್ನೇ ಹೋಗುತ್ತದೆ ಎಂದು ಕಾಲೇಜಿನಿಂದ ಹೇಳಿದರು. ಹಗಲು ಕೂಸು, ರಾತ್ರಿ ಲೇತು. ಇಪ್ಪತ್ತೇಳೂ ತುಂಡು ಮುಗಿಸಿ, ಮಾರ್ಕರಿನಲ್ಲಿ ನಂಬರು ಬರೆದು ಟ್ರೇಯಲ್ಲಿ ಜೋಡಿಸಿದಳು. ದಸರಾ ರಜೆ ಕಳೆದ ಮೇಲೆ ಅಳತೆ.

ಆಯುಧಪೂಜೆಯ ದಿನ ಅವಳು ಗೈಡ್ ಕರೆದರೆಂದು ದಾವಣಗೆರೆಗೆ ಹೋದಳು. ನಾನು ಶೆಡ್ಡು ತೊಳೆದೆ. ಸ್ಪಾನರು, ಸುತ್ತಿಗೆಯ ಜೊತೆ ಆ ತುಂಡುಗಳನ್ನೂ ಹುಣಸೆಹಣ್ಣು, ಪಾತ್ರೆ ಪುಡಿ, ಸ್ಟೀಲ್ ನಾರು ಹಾಕಿ ಥಳಥಳ ತಿಕ್ಕಿದೆ. ನೀರು ಸುರಿದೆ. ವಿಭೂತಿ, ಕುಂಕುಮ ಇಟ್ಟು ಸಾಲಾಗಿ ಜೋಡಿಸಿದೆ.

ಸಂಜೆ ಬಂದವಳು ಬಾಗಿಲಲ್ಲೇ ನಿಂತಳು. ನಂಬರು ಅಳಿಸಿತ್ತು. ನಾರಿನ ಗೀರು ಎಲ್ಲದರ ಮೇಲೂ ಇತ್ತು. ಕೆಲವಕ್ಕೆ ಆಗಲೇ ತುಕ್ಕಿನ ಚುಕ್ಕೆ. ಅವಳು ಕೂಗಾಡಲಿಲ್ಲ. ಕೂಸನ್ನೆತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಿಮ್ಮ ಹತ್ತಿರ ಮುಚ್ಚಿಡುವುದೇನು? "ಅತ್ತೆಮ್ಮ, ಆ ಟ್ರೇ ಮುಟ್ಟಬೇಡ್ರಿ" ಎಂದು ವಾರದ ಹಿಂದೆ ಹೇಳಿದ್ದಳು. ನಾನು ಕೇಳಿಸಿಕೊಂಡಿದ್ದೆ. ತಿಕ್ಕುವಾಗ ಅದು ನೆನಪಿಗೆ ಬಂದಿತ್ತೋ ಇಲ್ಲವೋ, ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಹಬ್ಬದ ಸಂಭ್ರಮದಲ್ಲಿ ಮರೆತೆ ಎಂದು ಎಲ್ಲರಿಗೂ ಹೇಳಿದೆ. ಬಳೆಯ ಸಿಟ್ಟು ಕೈಯಲ್ಲಿ ಸ್ವಲ್ಪವಾದರೂ ಉಳಿದಿರಲಿಲ್ಲವೆಂದು ಆಣೆ ಮಾಡಲಾರೆ.

ಮಾರನೆಯ ದಿನ ಅವಳು ಪುಸ್ತಕಗಳನ್ನು ರಟ್ಟಿನ ಡಬ್ಬಕ್ಕೆ ತುಂಬುತ್ತಿದ್ದಳು. ನಮ್ಮವರು ಏನೂ ಮಾತಾಡದೆ ಶೆಡ್ಡಿಗೆ ಹೋಗಿ ಲೇತಿನ ಸ್ವಿಚ್ ಹಾಕಿದರು. ಆ ಸದ್ದು ಕೇಳಿ ನಾನು ಟ್ರಂಕು ತೆಗೆದು ಚೀಟಿಯ ದುಡ್ಡು ತಂದು ಅವಳ ಮುಂದಿಟ್ಟೆ. "ಹೊಸ ರಾಡು, ಹೊಸ ಟೂಲು ತಗೊಂಬಾ. ಕೂಸು ನನಗಿರಲಿ" ಎಂದೆ. ತಪ್ಪಾಯಿತು ಎನ್ನುವ ಮಾತು ಮಾತ್ರ ಗಂಟಲಿಂದ ಬರಲಿಲ್ಲ.

ಹನ್ನೊಂದು ರಾತ್ರಿ ಮಾವ ಸೊಸೆ ಕಡೆದರು. ಕರೆಂಟು ಹೋದರೆ ಕಾದರು. ನಾನು ಕೂಸನ್ನು ಮಲಗಿಸಿ, ಹಳೆ ಸೀರೆಯಂಚು ಕತ್ತರಿಸಿ, ಒಂದರಿಂದ ಇಪ್ಪತ್ತೇಳರವರೆಗೆ ನಂಬರು ಕಸೂತಿ ಹಾಕಿದೆ. ತುಂಡಿಗೊಂದು ಪಟ್ಟಿ, ಅಳಿಸುವ ಹೆದರಿಕೆಯಿಲ್ಲ. ಅವಳು ಒಂದೊಂದಕ್ಕೂ ತೆಳ್ಳಗೆ ಎಣ್ಣೆ ಸವರಿ ಕಾಗದದಲ್ಲಿ ಸುತ್ತಿದಳು.

ಫಲ ಏನು ಬಂತೆಂದು ಕೇಳುತ್ತೀರಾ? ಒಣದಾಗಿ ಕಡೆದದ್ದಕ್ಕಿಂತ ಹೊಂಗೆ ಎಣ್ಣೆಯ ತುಂಡುಗಳು ನಯವಾಗಿದ್ದವು. ಫೀಡು ಕಡಿಮೆಯಿದ್ದಾಗ ಕೂಲೆಂಟಿಗೆ ಹತ್ತಿರ ಹತ್ತಿರ. ವೇಗ ಹೆಚ್ಚಿದಾಗ ಕೂಲೆಂಟೇ ಮೇಲು. ಹೊಂಗೆ ಎಣ್ಣೆ ಕಾದು ಹೊಗೆಯಾಡುತ್ತದೆ, ದಿನ ಕಳೆದರೆ ಅಂಟಾಗುತ್ತದೆ ಎಂಬುದನ್ನೂ ಬರೆದಳು. "ದೋಷ ಯಾಕೆ ಬರೀತೀಯವ್ವ?" ಎಂದರೆ, "ಬರೀದಿದ್ರೆ ಅದು ಜಾಹೀರಾತು ಆಗ್ತದೆ ಅತ್ತೆಮ್ಮ" ಎಂದಳು.

ಡಿಸೆಂಬರಿನಲ್ಲಿ ಥೀಸಿಸ್ ಕೊಟ್ಟಳು. ವೈವಾ ದಿನ ನಾವಿಬ್ಬರೂ ಕೂಸಿನೊಂದಿಗೆ ಕಾಲೇಜಿನ ಮರದ ಕೆಳಗೆ ಕೂತಿದ್ದೆವು. ಒಂದು ಗಂಟೆಯ ಮೇಲೆ ಹೊರಗೆ ಬಂದು, ಮೊದಲು ಕೂಸನ್ನೆತ್ತಿಕೊಂಡಳು, ಆಮೇಲೆ "ಆಯ್ತು" ಎಂದಳು. ಆ ದಿನ ಎಲ್ಲರೂ ಬೆಣ್ಣೆದೋಸೆ ತಿಂದೇ ಊರಿಗೆ ಬಂದೆವು.

ಮನೆಯಲ್ಲಿ ಮಗನಿಗೆ ಹೇಳಿ ಆ ಇಂಗ್ಲಿಷ್ ಪುಸ್ತಕದ ಒಂದು ಪುಟ ಓದಿಸಿದೆ. ಮೊದಲ ಇಪ್ಪತ್ತೇಳು ತುಂಡುಗಳ ವಿಷಯ ಅಲ್ಲಿತ್ತು. ಸಂಶೋಧಕಿ ಅವನ್ನು ಸರಿಯಾಗಿ ತೆಗೆದಿಡದೆ ಹಾಳಾದವು, ಆದ್ದರಿಂದ ಪ್ರಯೋಗವನ್ನು ಮತ್ತೆ ಮಾಡಲಾಯಿತು ಎಂದು ಬರೆದಿದ್ದಳು. ಮಗ ಪುಟ ಮಗುಚಿದ. ನಾನು ಒಲೆಯ ಮೇಲೆ ಹಾಲಿದೆ ಎಂದು ಎದ್ದು ಹೋದೆ. ಅಂದು ರಾತ್ರಿ ಪಾತ್ರೆ ತೊಳೆಯುವಾಗ, ಅವಳು ಪಕ್ಕದಲ್ಲಿ ನಿಂತು ಒರೆಸುತ್ತಿದ್ದಾಗ, ಬಾಯಿಬಿಟ್ಟು ಹೇಳಿದೆ. "ಗೊತ್ತಿತ್ತು ಅತ್ತೆಮ್ಮ" ಎಂದಳು, ತಟ್ಟೆ ಒರೆಸುತ್ತಲೇ.

ನಮ್ಮವರು ಸಣ್ಣ ಕೆಲಸಗಳಿಗೆ ಈಗ ಡ್ರಿಪ್ ಹೊಂಗೆ ಎಣ್ಣೆಯನ್ನೇ ಬಿಡುತ್ತಾರೆ. ಕೈಯ ತುರಿಕೆ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಅಂಗಿಯಿಂದ ಹೊಂಗೆ ವಾಸನೆ ಬಿಡಿಸುವುದೇ ನನಗೊಂದು ಕೆಲಸ. ಯಾರಿಗಾದರೂ ಒಳ್ಳೆಯ ಉಪಾಯ ಗೊತ್ತಿದ್ದರೆ ಬರೆಯಿರಿ. ಹೋದ ಆಯುಧಪೂಜೆಗೆ ಆ ಇಪ್ಪತ್ತೇಳು ತುಂಡುಗಳನ್ನೂ ಸೀರೆಯಂಚಿನ ಪಟ್ಟಿ ಸಮೇತ ಪೂಜೆಗಿಟ್ಟೆವು. ಕುಂಕುಮವನ್ನು ಟ್ರೇಗೆ ಮಾತ್ರ ಹಚ್ಚಿದೆ.